ಆರೈಕೆ ಮಾಡುವವಳ ಆರೈಕೆ ಯಾರ ಹೊಣೆ?

‘ಇನ್ನು ಮನೆಗೆ ಕರೆದೊಯ್ಯಿರಿ, ಚೆನ್ನಾಗಿ ನೋಡಿಕೊಳ್ಳಿ’ ಎಂದು ವೈದ್ಯರು ಹೇಳುವಲ್ಲಿಗೆ ಆಸ್ಪತ್ರೆಯ ಹೊಣೆ ಬಹುತೇಕ ಮುಗಿಯುತ್ತದೆ. ಮನೆಯ ಓರ್ವ ವ್ಯಕ್ತಿಯ ಹೊಣೆ ಅಲ್ಲಿಂದ ಆರಂಭವಾಗುತ್ತದೆ. ಆ ವ್ಯಕ್ತಿ ಹೆಚ್ಚಿನ ಮನೆಗಳಲ್ಲಿ ಪತ್ನಿ, ಮಗಳು ಅಥವಾ ಸೊಸೆ. ಹಾಸಿಗೆ ಹಿಡಿದವರ ಮಗ್ಗುಲನ್ನು ಎರಡು ಗಂಟೆಗೊಮ್ಮೆ ಬದಲಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ಮೂತ್ರದ ನಳಿಕೆಯನ್ನು ಶುಚಿಯಾಗಿಡಬೇಕು, ಬಾಯಿ ಒರೆಸಬೇಕು, ನೋವಿನ ಮಾತ್ರೆಯನ್ನು ನೋವು ಹೆಚ್ಚುವ ಮೊದಲೇ ಹೊತ್ತಿಗೆ ಸರಿಯಾಗಿ ಕೊಡಬೇಕು. ದಾದಿಯರು ಪಾಳಿಯಲ್ಲಿ ಮಾಡುವ ಈ ಕೆಲಸವನ್ನು ಆಕೆ ಒಬ್ಬಳೇ, ಹಗಲಿರುಳೂ, ತಿಂಗಳುಗಟ್ಟಲೆ ಮಾಡುತ್ತಾಳೆ. ಆಕೆಗೆ ಇದನ್ನು ಕಲಿಸಿದವರು ಯಾರು? ಆಕೆ ನಿದ್ರಿಸುವುದು ಯಾವಾಗ?

ರಾಯಚೂರು ನಗರದಲ್ಲಿ ರಿಮ್ಸ್ ಇದೆ. ಜನರು ಇಂದಿಗೂ ಒಪೆಕ್ ಎಂದೇ ಕರೆಯುವ ರಾಜೀವ್ ಗಾಂಧಿ ಆಸ್ಪತ್ರೆಯೂ ಇದೆ. ಆದರೆ ದೇವದುರ್ಗ ಮತ್ತು ಮಾನ್ವಿಯ ರೋಗಿ ಅಲ್ಲಿಗೆ ತಲುಪಲು ಐವತ್ತು ಕಿಲೋಮೀಟರ್ ಆಸುಪಾಸು ಪ್ರಯಾಣಿಸಬೇಕು. ಡಾ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ‘ಅತ್ಯಂತ ಹಿಂದುಳಿದ’ ಎಂದು ಗುರುತಿಸಿದ ತಾಲೂಕುಗಳಲ್ಲಿ ಇವೆರಡೂ ಸೇರಿದ್ದವು. ದೇವದುರ್ಗದಿಂದ ದುಡಿಯುವ ಕೈಗಳು ಬೆಂಗಳೂರಿಗೆ ಗುಳೆ ಹೋಗುತ್ತವೆ, ವೃದ್ಧರು ಮನೆಯಲ್ಲಿ ಉಳಿಯುತ್ತಾರೆ. ಮಾನ್ವಿಯ ಭತ್ತದ ಗದ್ದೆಯಲ್ಲಿ ನಾಟಿಗೆ ಹೋಗುತ್ತಿದ್ದ ಮಹಿಳೆ ರೋಗಿಯ ಬಳಿ ಕುಳಿತರೆ ಆ ದಿನದ ಕೂಲಿ ಇಲ್ಲ. ಆಸ್ಪತ್ರೆಯ ಬಿಲ್ಲಿಗೆ ಸರ್ಕಾರಿ ವಿಮೆ ಇರಬಹುದು, ಕಳೆದುಹೋದ ಈ ಕೂಲಿಗೆ ಯಾವ ವಿಮೆ ಇದೆ?

ಪ್ಯಾಲಿಯೇಟಿವ್ ಕೇರ್ ಎಂದರೆ ಕೈಚೆಲ್ಲುವುದಲ್ಲ. ಗುಣವಾಗದ ಕಾಯಿಲೆಯಲ್ಲೂ ನೋವನ್ನು ತಗ್ಗಿಸುವುದು, ರೋಗಿಯ ಜೊತೆಗೆ ಕುಟುಂಬಕ್ಕೂ ಆಸರೆಯಾಗುವುದು ಅದರ ಉದ್ದೇಶ. ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯಾನದಲ್ಲಿ ಕುಟುಂಬವೂ ಸೇರಿದೆ. ಕೇಂದ್ರ ಸರ್ಕಾರ 2012ರಲ್ಲಿಯೇ ಇದಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮ ರೂಪಿಸಿತು. ನೆರೆಯ ಕೇರಳ 2008ರಲ್ಲಿ ನೀತಿಯನ್ನೇ ಪ್ರಕಟಿಸಿತು. ಅಲ್ಲಿ ಪಂಚಾಯತ್‌ಗಳು ಮತ್ತು ಊರಿನ ಸ್ವಯಂಸೇವಕರು ಸೇರಿ ದಾದಿಯನ್ನು ಮನೆಬಾಗಿಲಿಗೆ ಕಳುಹಿಸುತ್ತಾರೆ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗಾಗಿ ‘ಆಶ್ವಾಸಕಿರಣಂ’ ಎಂಬ ಮಾಸಿಕ ನೆರವಿನ ಯೋಜನೆಯನ್ನೂ ಆ ರಾಜ್ಯ ತಂದಿತು. ನಮ್ಮಲ್ಲೂ ಬೆಂಗಳೂರಿನಲ್ಲಿ ಕರುಣಾಶ್ರಯದಂತಹ ಸಂಸ್ಥೆ ಉಚಿತ ಸೇವೆ ನೀಡುತ್ತಿದೆ. ಆದರೆ ದೇವದುರ್ಗದಿಂದ ಬೆಂಗಳೂರು ನಾನೂರು ಕಿಲೋಮೀಟರ್‌ಗೂ ದೂರ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆರೈಕೆದಾರರ ಭತ್ಯೆಯನ್ನು ಪ್ರಸ್ತಾಪಿಸುತ್ತದೆ. 2024-25ರ ರಾಜ್ಯ ಬಜೆಟ್‌ನಲ್ಲಿ ಸೆರೆಬ್ರಲ್ ಪಾಲ್ಸಿ, ಪಾರ್ಕಿನ್‌ಸನ್ ಮುಂತಾದ ಕೆಲವು ಕಾಯಿಲೆಗಳ ಆರೈಕೆದಾರರಿಗೆ ತಿಂಗಳಿಗೆ 1000 ರೂಪಾಯಿ ಘೋಷಿಸಲಾಯಿತು. ಸ್ವಾಗತಾರ್ಹ ಹೆಜ್ಜೆ. ಆದರೆ ಕ್ಯಾನ್ಸರ್‌ನ ಕೊನೆಯ ಹಂತದಲ್ಲಿರುವವರನ್ನು, ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವಳ ದಣಿವು ಕಡಿಮೆಯೇ? ಈ ಭತ್ಯೆ ಅವರಿಗೂ ವಿಸ್ತರಿಸಬೇಕು. ಮನೆಗೆ ಕಳುಹಿಸುವ ಮುನ್ನ ಆಸ್ಪತ್ರೆಯಲ್ಲೇ ಮನೆಯವರಿಗೆ ಆರೈಕೆಯ ತರಬೇತಿ ಸಿಗಬೇಕು. ಮಧ್ಯರಾತ್ರಿ ನೋವು ಹೆಚ್ಚಿದಾಗ ಕೇಳಲು ಒಂದು ಫೋನ್ ಸಂಖ್ಯೆಯಾದರೂ ಇರಬೇಕು. ದೇವದುರ್ಗ ಮತ್ತು ಮಾನ್ವಿಯ ತಾಲೂಕು ಆಸ್ಪತ್ರೆಗಳಿಂದ ಮನೆಗಳಿಗೆ ದಾದಿಯರು ಹೋಗಬೇಕು. ಜಿಲ್ಲೆಯ ಜನಪ್ರತಿನಿಧಿಗಳು ಇದನ್ನು ಸದನದಲ್ಲಿ ಕೇಳಲಿ.

ಸರ್ಕಾರವನ್ನು ಪ್ರಶ್ನಿಸುವಾಗ ನಮ್ಮ ಮನೆಗಳನ್ನು ಮರೆಯುವಂತಿಲ್ಲ. ರೋಗಿ ಸಂದರ್ಶನ ನಮ್ಮಲ್ಲಿ ಪುಣ್ಯಕಾರ್ಯ. ಹತ್ತಾರು ಮಂದಿ ಬರುತ್ತಾರೆ, ಗಂಟೆಗಟ್ಟಲೆ ಕುಳಿತುಕೊಳ್ಳುತ್ತಾರೆ. ಅವರೆಲ್ಲರಿಗೂ ಚಹಾ ಮಾಡುವವಳು ರಾತ್ರಿಯಿಡೀ ಎಚ್ಚರವಿದ್ದ ಅದೇ ಮಹಿಳೆ. ‘ನೀನು ಊಟ ಮಾಡಿದೆಯಾ?’ ಎಂದು ಆಕೆಯನ್ನು ಕೇಳಿದವರೆಷ್ಟು ಮಂದಿ? ಹೆತ್ತವರ ಸೇವೆಯ ಆಜ್ಞೆಯನ್ನು ಪವಿತ್ರ ಕುರ್‌ಆನ್ ನೀಡಿರುವುದು ಮಕ್ಕಳಿಗೆ. ಅತ್ತೆ-ಮಾವಂದಿರ ಸೇವೆ ಸೊಸೆಯ ಔದಾರ್ಯವೇ ಹೊರತು ಆಕೆಯ ಮೇಲಿನ ಕಡ್ಡಾಯವಲ್ಲ ಎಂಬುದು ಧರ್ಮಶಾಸ್ತ್ರ ಪಂಡಿತರಲ್ಲಿ ಹೆಚ್ಚಿನವರ ನಿಲುವು. ಹಾಗಿದ್ದೂ ಗಂಡುಮಕ್ಕಳು ಔಷಧಿಯ ಚೀಟಿ ತಂದುಕೊಟ್ಟು ಕರ್ತವ್ಯ ಮುಗಿಯಿತೆಂದು ಭಾವಿಸುವುದು ಯಾವ ನ್ಯಾಯ? ತಂದೆಯ ಮಗ್ಗುಲು ಬದಲಿಸಲು, ಬಟ್ಟೆ ಬದಲಿಸಲು ಮಗನಿಗೆ ಸಂಕೋಚವೇಕೆ? ಸೊಸೆಯನ್ನು ‘ಸ್ವರ್ಗ ಗಳಿಸಿಕೊಂಡಳು’ ಎಂದು ಹೊಗಳುತ್ತಾ ನಾವು ನೆಮ್ಮದಿಯಾಗಿ ನಿದ್ರಿಸುವುದು ಆಕೆಗೆ ಮಾಡುವ ಅನ್ಯಾಯ.

ಮಸೀದಿಯ ಜಮಾಅತ್‌ಗಳು ಮನಸ್ಸು ಮಾಡಿದರೆ ಬಹಳಷ್ಟು ಸಾಧ್ಯವಿದೆ. ಮೊಹಲ್ಲಾದಲ್ಲಿ ಹಾಸಿಗೆ ಹಿಡಿದವರಿರುವ ಮನೆಗಳ ಪಟ್ಟಿ ಮಾಡಲಿ. ಗಾಳಿಹಾಸಿಗೆ, ಗಾಲಿಕುರ್ಚಿ, ಆಸ್ಪತ್ರೆಯ ಮಂಚಗಳನ್ನು ಕೊಂಡಿಟ್ಟು, ಧರ್ಮ ನೋಡದೆ ಅಗತ್ಯವುಳ್ಳವರಿಗೆ ಎರವಲು ಕೊಡಲಿ. ತರಬೇತಿ ಪಡೆದ ಇಬ್ಬರು ಮಹಿಳೆಯರು ವಾರದಲ್ಲಿ ಅರ್ಧ ದಿನ ರೋಗಿಯ ಬಳಿ ಕುಳಿತರೆ, ಮನೆಯಾಕೆ ಅಷ್ಟು ಹೊತ್ತು ನಿದ್ರಿಸಬಹುದು, ತನ್ನದೇ ಕಾಯಿಲೆಗೆ ವೈದ್ಯರ ಬಳಿಗೂ ಹೋಗಿ ಬರಬಹುದು. ಕೂಲಿ ಕಳೆದುಕೊಂಡ ಬಡ ಕುಟುಂಬಕ್ಕೆ ಝಕಾತ್‌ನ ಪಾಲು ಸಲ್ಲುವುದು ದಾನವಲ್ಲ, ಅದು ಆ ಕುಟುಂಬದ ಹಕ್ಕು.

ಮರಣದ ನಂತರವೂ ಆ ಮನೆಯನ್ನು ಮರೆಯಬಾರದು. ಮೂರು ದಿನಗಳ ಜನಜಂಗುಳಿ ಕರಗಿದ ಮೇಲೆ ಆಕೆಯ ಬಳಿ ಉಳಿಯುವುದು ಸಾಲ, ಬೆನ್ನುನೋವು ಮತ್ತು ‘ಇನ್ನೂ ಚೆನ್ನಾಗಿ ನೋಡಿಕೊಳ್ಳಬಹುದಿತ್ತೇನೋ’ ಎಂಬ ಕೊರಗು. ನಾಲ್ಕನೇ ದಿನವೂ ಆ ಮನೆಯ ಬಾಗಿಲು ತಟ್ಟಲು ನಮ್ಮಲ್ಲಿ ಯಾರಿದ್ದಾರೆ? ಪ್ರತಿಯೊಂದು ಮೊಹಲ್ಲಾ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲಿ.