ಮೋಟಾರುಸೈಕಲ್ಲಿನ ಮೇಲಣ ಮಮತೆ

ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಮೋಟಾರುಸೈಕಲ್ಲು ಅಪ್ಪನನ್ನು ಕಚೇರಿಗೂ ಅಮ್ಮನನ್ನು ಮಾರುಕಟ್ಟೆಗೂ ಹೊತ್ತುಕೊಂಡು ಹೋಗುವವರೆಗೆ ಆವಶ್ಯಕವಾದ ಗೃಹೋಪಕರಣವೆನಿಸಿಕೊಳ್ಳುತ್ತದೆ. ಮಗನಾದವನು ಅದರ ಮೇಲೆ ಮನಸ್ಸಿಟ್ಟನೆಂದು ತಿಳಿದ ಗಳಿಗೆಯಿಂದ ಅದೇ ವಸ್ತು ದುರ್ವ್ಯಸನಗಳ ಪಂಕ್ತಿಗೆ ಸೇರಿಬಿಡುತ್ತದೆ. ಹಳೆಯ ನಾಣ್ಯಗಳನ್ನು ಕೂಡಿಡುವವನನ್ನು ರಸಿಕನೆಂದೂ, ಕೆಟ್ಟ ಗಡಿಯಾರಗಳನ್ನು ಬಿಚ್ಚಿ ಜೋಡಿಸುತ್ತ ಭಾನುವಾರವನ್ನು ಕಳೆಯುವವನನ್ನು ನಿರುಪದ್ರವಿಯೆಂದೂ ಒಪ್ಪಿಕೊಳ್ಳುವ ನಮ್ಮ ಸಮಾಜ, ಮೂವತ್ತು ನಲವತ್ತು ವರ್ಷಗಳ ಹಿಂದಿನ ಗಾಡಿಯೊಂದನ್ನು ಕೊಂಡು ತಂದು ಅದರ ಅಂಗಾಂಗಗಳನ್ನು ಹಿತ್ತಿಲಿನಲ್ಲಿ ಹರಡಿಕೊಂಡು ಕುಳಿತವನಿಗೆ ಮಾತ್ರ ಆ ಮನ್ನಣೆಯನ್ನು ಸುಲಭವಾಗಿ ಕೊಡುವುದಿಲ್ಲ. ಇದರ ಕಾರಣವನ್ನು ಬಹುದೂರ ಹುಡುಕಬೇಕಾಗಿಲ್ಲ. ರಾತ್ರಿ ಹನ್ನೊಂದು ಗಂಟೆಗೆ ಬೀದಿಯನ್ನೆಲ್ಲ ಎಬ್ಬಿಸಿಕೊಂಡು ಹೋಗುವ ತರುಣನೊಬ್ಬನ ಸೈಲೆನ್ಸರಿನ ಮೂಲಕವೇ ನಮ್ಮಲ್ಲಿ ಬಹುಮಂದಿಗೆ ಈ ಹವ್ಯಾಸದ ಪರಿಚಯವಾಗಿರುವುದು. ಅದರ ಉಳಿದ ಭಾಗವೆಲ್ಲ ನಿಶ್ಶಬ್ದವಾದುದರಿಂದ ನಮ್ಮ ಕಿವಿಗೆ ಬಿದ್ದಿಲ್ಲ. ನಮ್ಮ ಕಾನೂನಿನ ಕಿವಿಗೂ ಬಿದ್ದಂತಿಲ್ಲವೆಂಬುದೇ ನನ್ನ ಆಕ್ಷೇಪಣೆ.

ಆ ನಿಶ್ಶಬ್ದ ಭಾಗವನ್ನು ನೋಡಬೇಕೆನ್ನುವವರು ಮೈಸೂರಿಗೆ ಬರಬೇಕು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು 1961ರಲ್ಲಿ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು ಉದ್ಘಾಟಿಸಿದರು. ಚೆಕೊಸ್ಲೊವಾಕಿಯಾದ ಜಾವಾ ಸಂಸ್ಥೆಯ ಪರವಾನಗಿಯಿಂದ ಅಲ್ಲಿ ತಯಾರಾಗತೊಡಗಿದ 250 ಸಿಸಿಯ ಗಾಡಿ, 1973ರಲ್ಲಿ ಯೆಜ್ದಿಯೆಂಬ ಹೊಸ ಹೆಸರನ್ನು ತಳೆದು, 1978ರಲ್ಲಿ ರೋಡ್‌ಕಿಂಗ್ ಆಗಿ ಮತ್ತೊಮ್ಮೆ ವೇಷ ಬದಲಿಸಿ, 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚುವವರೆಗೂ ಈ ನಾಡಿನ ತೋಟದ ಮಾಲೀಕರನ್ನೂ ಪೊಲೀಸ್ ಇನ್ಸ್‌ಪೆಕ್ಟರುಗಳನ್ನೂ ಕಾಲೇಜು ಹುಡುಗರನ್ನೂ ಸಮಭಾವದಿಂದ ಹೊತ್ತಿತು. ಅದರ ರಚನೆಯಲ್ಲಿ ಒಂದು ಬಗೆಯ ಮಿತವ್ಯಯದ ಜಾಣತನವಿತ್ತು. ಗೇರು ಬದಲಿಸುವ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದು ಕಿಕ್ಕರ್ ಆಗುತ್ತಿತ್ತು. ಗೇರಿನ ಲಿವರನ್ನು ಕಾಲಿನಿಂದ ಒತ್ತಿದೊಡನೆ ಕ್ಲಚ್ಚು ತಾನಾಗಿಯೇ ಬಿಟ್ಟುಕೊಳ್ಳುತ್ತಿತ್ತು. ಒಂದೇ ಸಿಲಿಂಡರಿನ ಹೊಗೆಯನ್ನು ಎರಡು ಸೈಲೆನ್ಸರುಗಳು ಹಂಚಿಕೊಂಡು ಹೊರಗೆಡಹುತ್ತಿದ್ದುವು. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕಾದ ಟೂ ಸ್ಟ್ರೋಕ್ ಯಂತ್ರವಾದುದರಿಂದ ಹೊಗೆ ಧಾರಾಳವಾಗಿಯೇ ಇರುತ್ತಿತ್ತೆಂಬುದನ್ನು ಅದರ ಪರಮಭಕ್ತರೂ ಅಲ್ಲಗಳೆಯಲಾರರು.

ಕಾರ್ಖಾನೆ ಮುಚ್ಚಿದ ಮೇಲೆ ಬಿಡಿಭಾಗಗಳೂ ನಿಂತುಹೋಗಿ, ಕೆಲವೇ ವರ್ಷಗಳಲ್ಲಿ ಈ ಗಾಡಿಗಳೆಲ್ಲ ಗುಜರಿಗೆ ಬೀಳುವುದು ನ್ಯಾಯವಾಗಿ ನಡೆಯಬೇಕಾಗಿದ್ದ ಸಂಗತಿ. ಹಾಗಾಗಲಿಲ್ಲ. ಮೈಸೂರಿನ ಓಣಿಗಳ ಗ್ಯಾರೇಜುಗಳಲ್ಲಿಯೂ, ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿಯೂ, ಶಿವಾಜಿನಗರದ ಗುಜರಿಯಲ್ಲಿಯೂ, ಲೇತ್ ಯಂತ್ರದ ಮುಂದೆ ಕುಳಿತು ನಿಂತುಹೋದ ಭಾಗಗಳನ್ನು ಅಳತೆಗೆ ಸರಿಯಾಗಿ ಕಡೆದುಕೊಡುವ ಕುಶಲಿಗಳ ಬಳಿಯಲ್ಲಿಯೂ ಈ ಯಂತ್ರ ತನ್ನ ಎರಡನೆಯ ಆಯುಸ್ಸನ್ನು ಪಡೆಯಿತು. ಸವೆದ ಸಿಲಿಂಡರಿಗೆ ಬೋರ್ ಮಾಡಿಸಿ ಅದಕ್ಕೆ ತಕ್ಕ ಓವರ್‌ಸೈಜ್ ಪಿಸ್ಟನ್ನನ್ನು ಹುಡುಕಿ ತರುವುದು, ಕ್ರ್ಯಾಂಕಿನ ಬೇರಿಂಗುಗಳನ್ನು ಬದಲಿಸುವುದು, ಪಾಯಿಂಟಿನ ಅಂತರವನ್ನು ಕೂದಲೆಳೆಯಷ್ಟು ಸರಿಪಡಿಸುವುದು, ಇವೆಲ್ಲ ತಾಳ್ಮೆಯ ಕೆಲಸಗಳು. ಟೂ ಸ್ಟ್ರೋಕ್ ಯಂತ್ರದಲ್ಲಿ ಪೆಟ್ರೋಲೂ ಗಾಳಿಯೂ ಬೆರೆತ ಮಿಶ್ರಣ ಮೊದಲು ಕ್ರ್ಯಾಂಕ್‌ಕೇಸಿಗೆ ಬಂದು, ಅಲ್ಲಿ ಒತ್ತಡಕ್ಕೊಳಗಾಗಿ, ಆಮೇಲೆ ಸಿಲಿಂಡರಿಗೆ ಏರುವುದರಿಂದ, ಅಂಗೈಯಲ್ಲಿ ಅಡಗುವ ರಬ್ಬರಿನ ಆಯಿಲ್ ಸೀಲೊಂದು ಬಿರಿದರೂ ಹೊರಗಿನ ಗಾಳಿ ಒಳನುಗ್ಗಿ ಇಡೀ ಎಂಜಿನ್ನು ಕಂಗೆಡುತ್ತದೆ. ಕಾರ್ಬುರೇಟರನ್ನು ಎಷ್ಟು ಸಲ ತೊಳೆದರೂ ಗಾಡಿ ಸರಿಹೋಗದೆ ಇದ್ದಾಗ ಸೀಲಿನ ಕಡೆಗೆ ಬೆರಳು ತೋರಿಸಬಲ್ಲ ಮೆಕ್ಯಾನಿಕ್ಕಿನ ಜ್ಞಾನ ಯಾವ ಪಠ್ಯಪುಸ್ತಕದಿಂದಲೂ ಬಂದದ್ದಲ್ಲ. ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಜಾವಾ ದಿನವೆಂದು ಆಚರಿಸುವವರು ಮೈಸೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಕಲೆತಾಗ, ಅಲ್ಲಿ ಸಾಲಾಗಿ ನಿಂತ ಗಾಡಿಗಳಿಗಿಂತ ಅವುಗಳನ್ನು ನಿಲ್ಲಿಸಿಕೊಟ್ಟ ಈ ವಿದ್ಯೆಯೇ ನನಗೆ ಹೆಚ್ಚು ಪ್ರದರ್ಶನಯೋಗ್ಯವಾಗಿ ತೋರುತ್ತದೆ. ಜಾವಾ ಎಂಬ ಹೆಸರು 2018ರಲ್ಲಿ ಹೊಸ ಸಂಸ್ಥೆಯೊಂದರ ಮೂಲಕ ಮಾರುಕಟ್ಟೆಗೆ ಮರಳಿತೆಂಬುದು ನಿಜ; ಆದರೆ ಅದು ಮಧ್ಯಪ್ರದೇಶದ ಪೀತಂಪುರದಲ್ಲಿ ತಯಾರಾದ ಫೋರ್ ಸ್ಟ್ರೋಕ್ ಗಾಡಿ, ಯಾದವಗಿರಿಗೂ ಅದಕ್ಕೂ ಹೆಸರಿನ ನಂಟಷ್ಟೆ.

ಕೊಳ್ಳುವ ವಿಷಯದಲ್ಲಿ ಹವ್ಯಾಸಿಗಳು ತಾವೇ ತಮ್ಮ ಮೇಲೆ ತಂದುಕೊಂಡಿರುವ ಒಂದು ಅನಿಷ್ಟವನ್ನು ಹೇಳದೆ ಬಿಡಲಾಗದು. 1985ರಿಂದ 1996ರವರೆಗೆ ತಯಾರಾದ ಯಮಹಾ ಆರ್‌ಎಕ್ಸ್ 100, ನೂರು ಸಿಸಿಗೆ ಕೊಂಚ ಕಡಮೆಯಾದ ಎಂಜಿನ್ನಿನಿಂದ ಹನ್ನೊಂದು ಕುದುರೆಗಳ ಬಲವನ್ನು ಹೊರಡಿಸುತ್ತಿದ್ದ ಹಗುರವಾದ ಗಾಡಿ. ಅದಕ್ಕೀಗ ಕೇಳುವ ಬೆಲೆಯನ್ನು ಕೇಳಿದರೆ ಹೊಸ ಗಾಡಿಯ ಅಂಗಡಿಯವನೂ ನಾಚಿಕೊಳ್ಳಬೇಕು. ಬೆಲೆ ಏರಿದ ಕಡೆ ವಂಚನೆ ಸುಳಿಯದೆ ಇರುವುದಿಲ್ಲ. ಗುಜರಿಗೆ ಹೋದ ಗಾಡಿಯ ಆರ್‌ಸಿ ಪುಸ್ತಕ ಒಂದು ಕಡೆ, ಯಾವುದೋ ಗಾಡಿಯ ಚಾಸಿ ಮತ್ತೊಂದು ಕಡೆ, ಇವೆರಡನ್ನೂ ಗಂಟುಹಾಕಿದ ಮೂರನೆಯವನು ಇನ್ನೊಂದು ಕಡೆ. ಆದಕಾರಣ, ಟ್ಯಾಂಕಿನ ಬಣ್ಣಕ್ಕೂ ಕ್ರೋಮಿಯಮ್ಮಿನ ಹೊಳಪಿಗೂ ಮರುಳಾಗುವ ಮೊದಲು, ಚಾಸಿಯ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲ್ಲಿನಿಂದ ತಿಕ್ಕಿ ಅಚ್ಚು ತೆಗೆದುಕೊಂಡು, ಅದನ್ನೂ ಎಂಜಿನ್ನಿನ ಸಂಖ್ಯೆಯನ್ನೂ ಆರ್‌ಸಿಯೊಡನೆ ಅಕ್ಷರಕ್ಷರವಾಗಿ ಹೋಲಿಸಿ ನೋಡುವವನೇ ಜಾಣನು.

ಸವಾರಿಯ ವಿಷಯದಲ್ಲಿ ನಾನು ಹೇಳಬೇಕಾದದ್ದು ಸ್ವಲ್ಪ. ಆಗುಂಬೆಯ ತಿರುವುಗಳಲ್ಲಿ ಮುಂದಿನ ತಿರುವನ್ನು ನೋಡುತ್ತ ಗೇರನ್ನು ಮೊದಲೇ ಇಳಿಸಿಕೊಂಡು, ಬ್ರೇಕಿನ ಹಂಗಿಲ್ಲದೆ ಗಾಡಿಯನ್ನು ಎಂಜಿನ್ನಿನ ಹಿಡಿತದಲ್ಲಿಯೇ ಇಳಿಸುವುದು ಕಲಿತವರಿಗೆ ಮಾತ್ರ ದಕ್ಕುವ ಸುಖ. ಟೂ ಸ್ಟ್ರೋಕ್ ಗಾಡಿಯಲ್ಲಿ ಆ ಹಿಡಿತ ಬಹಳ ಕಡಮೆಯಾದುದರಿಂದ ಅಲ್ಲಿ ಬ್ರೇಕಿನ ಲೈನರನ್ನು ನಂಬುವುದೇ ವಿಹಿತ. ಬೆಂಗಳೂರಿನ ತರುಣರು ಭಾನುವಾರ ನಸುಕಿನಲ್ಲೆದ್ದು, ಮನೆಯಲ್ಲಿಯೇ ದೊರೆಯಬಹುದಾದ ಇಡ್ಲಿಯನ್ನು ನೂರು ಕಿಲೋಮೀಟರ್ ದೂರದಲ್ಲಿ ತಿಂದು ಬರುವುದನ್ನು ನಾನು ಹಾಸ್ಯ ಮಾಡುವುದಿಲ್ಲ. ತೀರ್ಥಯಾತ್ರೆಗೆ ಹೋದವರೂ ನೀರನ್ನೇ ಅಲ್ಲವೆ ತರುವುದು. 2023ರ ಆಗಸ್ಟಿನಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯಪಥದಲ್ಲಿ ದ್ವಿಚಕ್ರವಾಹನಗಳಿಗೆ ಪ್ರವೇಶವಿಲ್ಲವಾದುದರಿಂದ, ಮೈಸೂರಿನಲ್ಲಿ ಹುಟ್ಟಿದ ಗಾಡಿ ತನ್ನ ತವರಿಗೆ ಸರ್ವೀಸ್ ರಸ್ತೆಯ ಮೂಲಕವೇ ಬರಬೇಕಾಗಿದೆ. ಸುರಕ್ಷತೆಯ ದೃಷ್ಟಿಯಿಂದ ಆ ಆಜ್ಞೆ ತಪ್ಪೆಂದು ನಾನು ಹೇಳಲಾರೆ.

ಇನ್ನು ಮಾರ್ಪಾಡಿನ ಮಾತು. ವಿವಾದವೆಲ್ಲ ಇರುವುದು ಇಲ್ಲಿಯೇ. ಕಾರ್ಖಾನೆಯಿಂದ ಬಂದ ಗಾಡಿಯನ್ನು ತನ್ನ ಮೈಗೂ ಮನಸ್ಸಿಗೂ ಒಗ್ಗುವಂತೆ ತಿದ್ದಿಕೊಳ್ಳುವ ಆಸೆ ಮೋಟಾರುಸೈಕಲ್ಲಿನಷ್ಟೇ ಹಳೆಯದು. ಎರಡನೆಯ ಮಹಾಯುದ್ಧದ ತರುವಾಯ ಲಂಡನ್ನಿನ ಏಸ್ ಕೆಫೆಯಂತಹ ಉಪಾಹಾರಗೃಹಗಳ ಮುಂದೆ ನೆರೆಯುತ್ತಿದ್ದ ಹುಡುಗರು ಹ್ಯಾಂಡಲನ್ನು ತಗ್ಗಿಸಿ, ಕಾಲಿಡುವ ಪೆಡಲುಗಳನ್ನು ಹಿಂದಕ್ಕೆ ಸರಿಸಿ, ನಾರ್ಟನ್ ಗಾಡಿಯ ಚೌಕಟ್ಟಿನಲ್ಲಿ ಟ್ರಯಂಫ್ ಎಂಜಿನ್ನನ್ನು ಕೂರಿಸಿ, ಟ್ರೈಟನ್ ಎಂಬ ಸಂಕರಜಾತಿಯನ್ನೇ ಸೃಷ್ಟಿಸಿದರು. ಅವರು ಮಾಡಿದ ಪ್ರತಿಯೊಂದು ತಿದ್ದುಪಡಿಗೂ ಯಂತ್ರಶಾಸ್ತ್ರದಲ್ಲಿ ಒಂದು ಕಾರಣವಿತ್ತು. ಉತ್ತಮವಾದ ಚೌಕಟ್ಟು ಒಂದು ಗಾಡಿಯಲ್ಲಿ, ಉತ್ತಮವಾದ ಎಂಜಿನ್ನು ಇನ್ನೊಂದರಲ್ಲಿ ಇದ್ದುದರಿಂದ ಅವೆರಡನ್ನೂ ಕೂಡಿಸಿದರು. ನಮ್ಮ ಬೀದಿಯಲ್ಲಿ ಇಂದು ಕಾಣುವ ಮಾರ್ಪಾಡುಗಳಲ್ಲಿ ಈ ಕಾರಣವನ್ನು ಹುಡುಕಿದರೆ ಬಹುಪಾಲು ನಿರಾಶೆಯೇ ಗತಿ. ಸೈಲೆನ್ಸರಿನ ಒಳಗಿನ ಬ್ಯಾಫಲನ್ನು ಕಿತ್ತೆಸೆದವನು ತನ್ನ ಗಾಡಿಗೆ ಬಲ ಬಂತೆಂದು ನಂಬುತ್ತಾನೆ. ಟೂ ಸ್ಟ್ರೋಕ್ ಗಾಡಿಯ ಸೈಲೆನ್ಸರಿನ ಆಕಾರ ಬರಿಯ ಶಬ್ದ ತಗ್ಗಿಸುವುದಕ್ಕಾಗಿ ಇರುವುದಲ್ಲ. ಹೊರಹೋದ ಹೊಗೆಯ ಒತ್ತಡದ ಅಲೆಯನ್ನು ಹಿಂದಕ್ಕೆ ತಿರುಗಿಸಿ, ಹೊಗೆಯ ಜೊತೆಯಲ್ಲಿ ಜಾರಿಹೋಗುತ್ತಿರುವ ಹೊಸ ಮಿಶ್ರಣವನ್ನು ಸಿಲಿಂಡರಿಗೆ ಮರಳಿ ತಳ್ಳುವ ಕೆಲಸವೂ ಅದರದೇ. ಅದನ್ನು ಕೆಡಿಸಿದವನು ಪೆಟ್ರೋಲನ್ನು ಬೀದಿಗೆ ಚೆಲ್ಲಿಕೊಂಡು ಹೋಗುತ್ತಿರುತ್ತಾನೆ. ಫೋರ್ ಸ್ಟ್ರೋಕ್ ಗಾಡಿಯಲ್ಲಿಯೂ, ಕಾರ್ಬುರೇಟರಿನ ಜೆಟ್ಟನ್ನು ಬದಲಿಸದೆ ಸೈಲೆನ್ಸರನ್ನು ಮಾತ್ರ ತೆರೆದುಬಿಟ್ಟರೆ, ಮಿಶ್ರಣದಲ್ಲಿ ಪೆಟ್ರೋಲಿನ ಅಂಶ ಕಡಮೆಯಾಗಿ ಎಂಜಿನ್ನು ಅತಿಯಾಗಿ ಕಾಯುತ್ತದೆ. ಹಾಗೆಯೇ, ಕಿರಿದಾದ ರಿಮ್ಮಿಗೆ ತುರುಕಿದ ಅಗಲವಾದ ಟೈರು ನೋಡುವುದಕ್ಕೆ ಗಂಭೀರವಾಗಿದ್ದರೂ ತಿರುವಿನಲ್ಲಿ ಸವಾರನ ಮಾತು ಕೇಳುವುದಿಲ್ಲ. ಎದುರಿನವನ ಕಣ್ಣು ಕುಕ್ಕುವ ಎಲ್‌ಇಡಿ ದೀಪದ ವಿಷಯವನ್ನಂತೂ ಹೇಳಲೇಬೇಕಾಗಿಲ್ಲ.

ಆದರೆ ಕೆಟ್ಟ ಮಾರ್ಪಾಡುಗಳಿರುವುವೆಂಬ ಕಾರಣದಿಂದ ಮಾರ್ಪಾಡನ್ನೇ ನಿಷೇಧಿಸುವುದು ನ್ಯಾಯವೆ? 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದ ಪ್ರಕಾರ, ಆರ್‌ಸಿಯಲ್ಲಿ ನಮೂದಾದ ವಿವರಗಳು ತಯಾರಕನು ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸತಕ್ಕದ್ದಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ಮಾತನ್ನು ಎತ್ತಿಹಿಡಿಯಿತು. ಹಾಗಿದ್ದರೂ ಇದೇ ಕಾಯಿದೆ, ಗ್ಯಾಸ್ ಕಿಟ್ಟನ್ನು ಅಳವಡಿಸಿಕೊಳ್ಳುವವರಿಗೂ, ವಿಕಲಚೇತನರ ಅನುಕೂಲಕ್ಕಾಗಿ ವಾಹನವನ್ನು ಬದಲಿಸಿಕೊಳ್ಳುವವರಿಗೂ ದಾರಿಯನ್ನು ತೆರೆದಿಟ್ಟಿದೆ. ಎಂದರೆ, ಪರೀಕ್ಷಿಸಿ ಒಪ್ಪಿಗೆ ಕೊಟ್ಟ ಬದಲಾವಣೆ ಅಪಾಯಕಾರಿಯಲ್ಲವೆಂಬ ತತ್ತ್ವವನ್ನು ಸರ್ಕಾರವೇ ಅಂಗೀಕರಿಸಿದೆಯಷ್ಟೆ. ಜರ್ಮನಿಯಲ್ಲಿ ಗಾಡಿಯನ್ನು ತಿದ್ದಿಕೊಂಡವನು ಅಧಿಕೃತ ತಜ್ಞನ ಮುಂದೆ ಅದನ್ನು ನಿಲ್ಲಿಸಿ, ಪರೀಕ್ಷೆಯಲ್ಲಿ ತೇರ್ಗಡೆಯಾದ ಬದಲಾವಣೆಯನ್ನು ವಾಹನದ ದಾಖಲೆಯಲ್ಲಿ ಬರೆಸಿಕೊಂಡು ನಿಶ್ಚಿಂತನಾಗಿ ಹೊರಡುತ್ತಾನೆ. ಇಲ್ಲಿಯೂ ಹಳೆಯ ಡ್ರಮ್ ಬ್ರೇಕಿನ ಗಾಡಿಗೆ ಡಿಸ್ಕ್ ಬ್ರೇಕು ಹಾಕಿಸಿಕೊಂಡವನು, ಅಂದರೆ ಗಾಡಿಯನ್ನು ಮೊದಲಿಗಿಂತ ಕ್ಷೇಮಕರವಾಗಿ ಮಾಡಿಕೊಂಡವನು, ಅಂತಹ ಪರೀಕ್ಷೆಗೆ ಸಂತೋಷದಿಂದ ಶುಲ್ಕ ತೆತ್ತಾನು.

ಹಳೆಯ ಗಾಡಿಗಳ ವಿಷಯದಲ್ಲಿ ಸರ್ಕಾರ ತೋರಿದ ಔದಾರ್ಯವೂ ಅರೆಬರೆಯದು. 2021ರ ನಿಯಮದಂತೆ ಐವತ್ತು ವರ್ಷ ದಾಟಿ, ಮೂಲರೂಪದಲ್ಲಿಯೇ ಉಳಿದಿರುವ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಮೊದಲ ನೋಂದಣಿಯ ಶುಲ್ಕ 20,000 ರೂಪಾಯಿ. ಮೊದಮೊದಲ ರೋಡ್‌ಕಿಂಗ್‌ಗೆ ಆ ಪದವಿ ಪ್ರಾಪ್ತವಾಗಬೇಕಾದರೆ 2028ರವರೆಗೆ ಕಾಯಬೇಕು. ಪದವಿ ದೊರೆತ ಮೇಲೆ ಅದನ್ನು ಪ್ರದರ್ಶನಕ್ಕೂ ರ್‍ಯಾಲಿಗೂ ರಿಪೇರಿಗೂ ಪೆಟ್ರೋಲ್ ಹಾಕಿಸುವುದಕ್ಕೂ ಹೊರತು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಓಡದೆ ನಿಂತ ಗಾಡಿ ಎಷ್ಟು ಬೇಗ ಹಾಳಾಗುತ್ತದೆಂಬುದು ಈ ನಿಯಮವನ್ನು ಬರೆದವರಿಗೆ ತಿಳಿಯದು; ಅದರಲ್ಲಿಯೂ ಶೇಕಡ 20ರಷ್ಟು ಎಥನಾಲ್ ಬೆರೆತ ಇಂದಿನ ಪೆಟ್ರೋಲು ತೇವವನ್ನು ಹೀರಿಕೊಂಡು, ಹಳೆಯ ಕಾಲದ ರಬ್ಬರಿನ ಕೊಳವೆಗಳನ್ನು ಮೆತ್ತಗಾಗಿಸಿ, ನಿಂತ ಟ್ಯಾಂಕಿನ ತಳದಲ್ಲಿ ತುಕ್ಕಿಗೆ ದಾರಿ ಮಾಡುತ್ತದೆ. ಹೊಗೆಯ ಆಕ್ಷೇಪಣೆಗೆ ನನ್ನಲ್ಲಿ ಪೂರ್ಣವಾದ ಉತ್ತರವಿಲ್ಲ. ವಾರಕ್ಕೊಮ್ಮೆ ಹೊರಬರುವ ಗಾಡಿಯ ಹೊಗೆಯನ್ನು ನಿತ್ಯ ಓಡುವ ಗಾಡಿಯದಕ್ಕೆ ಸಮವೆಂದು ಎಣಿಸಬಾರದೆಂದು ಮಾತ್ರ ಹೇಳಬಲ್ಲೆ.

ಇಷ್ಟೆಲ್ಲ ಸಲಿಗೆಯನ್ನು ಕೇಳುವವನು ಶಬ್ದದ ವಿಷಯದಲ್ಲಿ ಸಲಿಗೆ ಕೇಳಕೂಡದು. ಕರ್ಕಶವಾದ ಸೈಲೆನ್ಸರುಗಳನ್ನು ಕಸಿದು, ಸಾಲಾಗಿ ಜೋಡಿಸಿ, ರೋಡ್‌ರೋಲರನ್ನು ಹಾಯಿಸುವ ಪೊಲೀಸರ ಉತ್ಸವವನ್ನು ನಾಡಿನ ಹಲವು ಊರುಗಳು ನೋಡಿವೆ. ಆ ಶಿಕ್ಷೆಯ ಬಗ್ಗೆ ನನಗೆ ಕನಿಕರವೇನೂ ಇಲ್ಲ, ಅಪರಾಧದ ನಿರ್ಣಯ ಕಾನ್‌ಸ್ಟೇಬಲಿನ ಕಿವಿಯ ಅಂದಾಜಿನ ಮೇಲೆ ನಡೆಯುವುದರ ಬಗ್ಗೆ ಮಾತ್ರ ತಕರಾರುಂಟು. 175 ಸಿಸಿಗೆ ಮೇಲ್ಪಟ್ಟ ಮೋಟಾರುಸೈಕಲ್ಲಿಗೆ ತಯಾರಿಕೆಯ ಹಂತದಲ್ಲಿ ನಮ್ಮ ನಿಯಮಗಳು ವಿಧಿಸಿರುವ ಮಿತಿ 80 ಡೆಸಿಬೆಲ್. ಆದರೆ ಅದು ಪರೀಕ್ಷಾಪಥದಲ್ಲಿ ಓಡುತ್ತಿರುವ ಗಾಡಿಯ ಅಳತೆಯಾದುದರಿಂದ ಬೀದಿಯ ಮಗ್ಗುಲಲ್ಲಿ ನಿಲ್ಲಿಸಿದ ಗಾಡಿಗೆ ಅನ್ವಯಿಸುವುದು ಕಷ್ಟ. ಯೂರೋಪಿನಲ್ಲಿ ಗಾಡಿ ನಿಂತಿರುವಾಗ, ಎಂಜಿನ್ನು ಇಂತಿಷ್ಟು ವೇಗದಲ್ಲಿ ತಿರುಗುತ್ತಿದ್ದರೆ, ಎಷ್ಟು ಡೆಸಿಬೆಲ್ ಶಬ್ದ ಬರಬೇಕೆಂಬುದನ್ನು ವಾಹನದ ದಾಖಲೆಯಲ್ಲಿಯೇ ಬರೆದಿರುತ್ತಾರೆ. ಪೊಲೀಸನು ಮಾಪಕವನ್ನು ಸೈಲೆನ್ಸರಿನ ಪಕ್ಕಕ್ಕೆ ಹಿಡಿದು ಹೋಲಿಸಿದರೆ ಅಲ್ಲಿಗೆ ವಾದ ಮುಗಿಯಿತು. ನಮ್ಮ ಆರ್‌ಸಿಯಲ್ಲಿ ಗಾಡಿಯ ಬಣ್ಣಕ್ಕೆ ಒಂದು ಅಂಕಣವಿದೆ. ಅದರ ಕೆಳಗೆ ಶಬ್ದಕ್ಕೊಂದು ಅಂಕಣವನ್ನು ಸೇರಿಸುವುದಕ್ಕೆ ಸಾರಿಗೆ ಇಲಾಖೆಗೆ ಹೆಚ್ಚಿನ ಶ್ರಮವಾಗದು.