ಸುಣ್ಣ ಬಳಿದ ಸ್ಮರಣೆ

ಆಸ್ಟ್ರಿಯ ದೇಶದ ಪೂರ್ವದ ಅಂಚಿನಲ್ಲಿರುವ ಬುರ್ಗೆನ್‌ಲಾಂಡ್ ಪ್ರಾಂತವು 1921ರವರೆಗೆ ಹಂಗೇರಿಗೆ ಸೇರಿದ್ದಿತು. ಎರಡನೆಯ ಮಹಾಯುದ್ಧದ ತರುವಾಯ 1989ರವರೆಗೆ ಯೂರೋಪನ್ನು ಇಬ್ಭಾಗಮಾಡಿದ ಮುಳ್ಳುತಂತಿಯ ಗಡಿಯಾಗಿದ್ದಿತು. ಇಂತಹ ಸೀಮೆಯಲ್ಲಿ ಯೆಹೂದ್ಯರು ಅಳಿದುದಕ್ಕೆ ಗಡಿಯ ದುರದೃಷ್ಟವೇ ಕಾರಣವೆಂದೂ, ಅವರ ಪ್ರಾರ್ಥನಾಮಂದಿರಗಳ ಜೀರ್ಣೋದ್ಧಾರವಾದ ಮೇಲೆ ಹಳೆಯ ಹುಣ್ಣನ್ನು ಕೆದಕಬಾರದೆಂದೂ ಹೇಳುವವರುಂಟು. ಈ ಮಾತು ಕಿವಿಗೆ ಹಿತವಾದುದು, ಚರಿತ್ರೆಗೆ ಒಪ್ಪುವಂತಹುದಲ್ಲ.

ಈ ಜನರನ್ನು ಕೊಂದುದು ಗಡಿಯಲ್ಲ. ಬಹುಕಾಲ ಕಾದುದೇ ಗಡಿ. 1670ರಲ್ಲಿ ಚಕ್ರವರ್ತಿ ಲಿಯೋಪೋಲ್ಡನು ಯೆಹೂದ್ಯರನ್ನು ವಿಯೆನ್ನಾ ನಗರದಿಂದ ಹೊರಗಟ್ಟಿದಾಗ, ಹಂಗೇರಿಯ ಎಸ್ಟರ್‌ಹಾಜಿ ಪ್ರಭುಗಳು ಕಪ್ಪವನ್ನು ಪಡೆದು ಅವರಿಗೆ ಆಶ್ರಯವಿತ್ತರು. ಹಾಗೆ ನೆಲೆನಿಂತ ಏಳು ಊರುಗಳ ಸಮಾಜಗಳು ವಿದ್ಯೆಗೂ ಆಚಾರನಿಷ್ಠೆಗೂ ಹೆಸರಾದುವು. ಆ ಏಳರಲ್ಲೊಂದಾದ ಕಿಟ್‌ಸೇ ಎಂಬಲ್ಲಿ 1831ರಲ್ಲಿ ಹುಟ್ಟಿದವನೇ ಪಿಟೀಲು ವಿದ್ವಾಂಸ ಯೋಸೆಫ್ ಯೋಆಖಿಮ್. ಸಬ್ಬತ್ ದಿನದಲ್ಲಿ ಬಂಡಿಗಳು ಬಾರದಂತೆ ಬೀದಿಗೆ ಅಡ್ಡಲಾಗಿ ಕಟ್ಟುತ್ತಿದ್ದ ಸರಪಳಿಯು ಐಸೆನ್‌ಷ್ಟಾಟ್ ಪಟ್ಟಣದಲ್ಲಿ ಇಂದಿಗೂ ಉಂಟು, ಕಟ್ಟುತ್ತಿದ್ದವರಿಲ್ಲ.

ಅವರೇಕಿಲ್ಲ? 1938ರ ಮಾರ್ಚಿಯಲ್ಲಿ ಹಿಟ್ಲರನು ಆಸ್ಟ್ರಿಯವನ್ನು ಕಬಳಿಸಿದೊಡನೆ ಈ ಪ್ರಾಂತದ ಅಧಿಕಾರವನ್ನು ವಹಿಸಿ ಯೆಹೂದ್ಯರನ್ನು ಹೊರಗಟ್ಟಹೊರಟ ಟೋಬಿಯಾಸ್ ಪೋರ್ಷಿ ಪರದೇಶದವನಲ್ಲ. ಈ ಮಣ್ಣಿನಲ್ಲಿಯೇ ಹುಟ್ಟಿದವನು. ಏಪ್ರಿಲಿನ ಒಂದು ರಾತ್ರಿ ಕಿಟ್‌ಸೇಯ ಯೆಹೂದ್ಯರನ್ನು ಮನೆಗಳಿಂದೆಳೆದು ಡಾನ್ಯೂಬ್ ನದಿಯ ನಡುವಣ ಕಲ್ಲುಕಟ್ಟೆಯ ಮೇಲೆ ಬಿಟ್ಟರು. ನೆರೆಯ ಯಾವ ರಾಜ್ಯವೂ ಅವರನ್ನು ಸೇರಿಸದಾಗಿ, ಮುದುಕರು ಮಕ್ಕಳೆನ್ನದೆ ತಿಂಗಳುಗಟ್ಟಲೆ ದೋಣಿಯಲ್ಲಿ ಕಳೆಯಬೇಕಾಯಿತು. ಪ್ರಾಂತದಲ್ಲಿದ್ದ ಸುಮಾರು 3,600 ಮಂದಿಯಲ್ಲಿ ವರ್ಷವು ಮುಗಿಯುವಷ್ಟರಲ್ಲಿ ಉಳಿದವರು ಇಲ್ಲವೆಂಬಷ್ಟು ವಿರಳ. ಆಗಿನ್ನೂ ಮಹಾಯುದ್ಧವು ಆರಂಭವಾಗಿರಲಿಲ್ಲ. ಹೀಗಿರಲು ಯುದ್ಧದ ಮೇಲೆ ಹೊರೆ ಹೊರಿಸುವುದೆಂತು?

ಕೋಬರ್ಸ್‌ಡೋರ್ಫಿನ ಮಂದಿರವನ್ನು ಸರಿಪಡಿಸಿ 2022ರಲ್ಲಿ ತೆರೆದುದು ಸ್ತುತ್ಯವೇ ಸರಿ. ಆದರೆ ಭಕ್ತರಿಲ್ಲದ ಮಂದಿರವು ಗೋಡೆಯನ್ನಷ್ಟೇ ತೋರಿಸಬಲ್ಲುದು. ಬರಿದುಮಾಡಿದವರಾರೆಂಬುದನ್ನು ಮನುಷ್ಯನ ಬಾಯಿಯೇ ಹೇಳಬೇಕು. ಆ ಬಾಯಿ ಮುಚ್ಚಿದರೆ ಏನಾಗುವುದೆಂಬುದಕ್ಕೆ ರೆಕ್ನಿಟ್ಸ್ ಎಂಬ ಊರೇ ಸಾಕ್ಷಿ. 1945ರ ಮಾರ್ಚಿ 24ರ ರಾತ್ರಿ ಅಲ್ಲಿಯ ಕೋಟೆಮನೆಯಲ್ಲಿ ವಿನೋದಕೂಟ ನಡೆಯುತ್ತಿರಲು, ನಾಜಿ ಮುಖಂಡರಲ್ಲಿ ಕೆಲವರು ಎದ್ದುಹೋಗಿ, ಬಲಾತ್ಕಾರದ ದುಡಿಮೆಗೆ ತಂದಿದ್ದ ಸುಮಾರು 180 ಮಂದಿ ಹಂಗೇರಿಯ ಯೆಹೂದ್ಯರನ್ನು ಗುಂಡಿಕ್ಕಿ ಕೊಂದರು. ಊರ ಸುತ್ತಲೂ ಹಲವು ಬಾರಿ ಅಗೆದು ನೋಡಿದರೂ ಅವರನ್ನು ಹೂತ ಸ್ಥಳ ದೊರೆತಿಲ್ಲ.

ಹುಣ್ಣನ್ನು ಕೆದಕಬಾರದೆಂಬವರು ಇದಕ್ಕೆ ಉತ್ತರವಿಯಲಿ. ನೂರೆಂಬತ್ತು ಹೆಣಗಳನ್ನು ನೆಲವೊಂದೇ ಬಚ್ಚಿಡಲಾರದು; ಬಲ್ಲವರ ಮೌನವೂ ಬೇಕು. ಆ ಮೌನದ ಮೇಲೆ ಬಳಿದ ಸುಣ್ಣಕ್ಕೆ ಸ್ಮರಣೆಯೆಂದು ಹೆಸರಿಡುವುದು ಸತ್ತವರಿಗೆ ಎಸಗುವ ಎರಡನೆಯ ದ್ರೋಹ.