ಸಾವು ಲೆಕ್ಕಕ್ಕೆ ಸಿಗುತ್ತೆ, ಬೆರಳು ಸಿಗೋದಿಲ್ಲ

ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳಲ್ಲಿ ಓಡಾಡಿದವರು ಕೆಲವು ಕಾರ್ಖಾನೆಗಳ ಗೇಟಿನ ಬಳಿ ಒಂದು ಬೋರ್ಡು ನೋಡಿರುತ್ತೀರಿ. 'ಅಪಘಾತವಿಲ್ಲದೆ ಕಳೆದ ದಿನಗಳು' ಅಂತ ಮೇಲೆ ಬರೆದಿರುತ್ತೆ. ಕೆಳಗಿನ ಅಂಕಿಯನ್ನು ದಿನಾ ಬೆಳಿಗ್ಗೆ ಒಬ್ಬ ಬಂದು ಬದಲಾಯಿಸುತ್ತಾನೆ. ಮೊನ್ನೆ ಅಂಥದೊಂದು ಬೋರ್ಡಿನ ಎದುರು ಟೀ ಅಂಗಡಿಯಲ್ಲಿ ಕೂತಿದ್ದೆ. ಪಕ್ಕದ ಹುಡುಗ ಎಡಗೈಯಲ್ಲಿ ಲೋಟ ಹಿಡಿದಿದ್ದ. ಬಲಗೈಗೆ ಬ್ಯಾಂಡೇಜು. ಪವರ್ ಪ್ರೆಸ್ಸಿನಲ್ಲಿ ಎರಡು ಬೆರಳಿನ ತುದಿ ಹೋಗಿವೆ, ಇದೇ ಗೇಟಿನ ಒಳಗೆ.

"ಹಂಗಾದ್ರೆ ಆ ಬೋರ್ಡು ಮತ್ತೆ ಒಂದರಿಂದ ಶುರುವಾಗಬೇಕಿತ್ತಲ್ಲಪ್ಪಾ?" ಅಂದೆ.

"ನಾನು ಕಂಟ್ರಾಕ್ಟರ್ ಕಡೆಯವನು ಸಾರ್. ಅಲ್ದೆ ಮೂರನೇ ದಿನವೇ ಕರೆಸಿ ಸ್ಟೋರಿನಲ್ಲಿ ಕೂರಿಸಿದ್ರು. ಹಾಜರಿ ಹಾಕ್ತಾ ಇದಾರೆ" ಅಂದ. ಮುಖದಲ್ಲಿ ಕೃತಜ್ಞತೆಯೂ ಇತ್ತು.

ಮೂರನೇ ದಿನ ಯಾಕೆ ಗೊತ್ತೇನು? 1948ರ ಕಾರ್ಖಾನೆ ಕಾಯ್ದೆಯ 88ನೇ ಕಲಮು ಏನು ಹೇಳುತ್ತಿತ್ತೆಂದರೆ, ಸಾವಾದರೆ ಅಥವಾ ಗಾಯಗೊಂಡವನು 48 ಗಂಟೆ ಕೆಲಸ ಮಾಡಲಾಗದಿದ್ದರೆ ಕಾರ್ಖಾನೆಯವರು ಸರ್ಕಾರಕ್ಕೆ ವರದಿ ಕೊಡಬೇಕು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ 2020ರ ಹೊಸ ಸಂಹಿತೆ ಬಂದಿದೆ. ಅದರಲ್ಲೂ ಅದೇ 48 ಗಂಟೆ. ಹಾಗಾಗಿ ಗಾಯಾಳುವನ್ನು ಅಷ್ಟರೊಳಗೆ ಕರೆತಂದು ಕುರ್ಚಿ ಮೇಲೆ ಕೂರಿಸಿಬಿಟ್ಟರೆ 'ಕೆಲಸಕ್ಕೆ ಬಂದಿದ್ದಾನೆ' ಅಂತ ವಾದಿಸಬಹುದು. ಬೆರಳು ಹೋಯಿತು, ಅಪಘಾತ ಆಗಲಿಲ್ಲ! ಹೊಸ ಸಂಹಿತೆಯಲ್ಲಿ ಇನ್ಸ್‌ಪೆಕ್ಟರ್ ಸಾಹೇಬರಿಗೆ 'ಇನ್ಸ್‌ಪೆಕ್ಟರ್-ಕಮ್-ಫೆಸಿಲಿಟೇಟರ್' ಅಂತ ಹೊಸ ಹೆಸರಿಟ್ಟಿದ್ದಾರೆ. ಅಂದರೆ ಅನುಕೂಲ ಮಾಡಿಕೊಡುವವರೂ ಹೌದು. ಯಾರಿಗೆ ಅಂತ ಕೇಳಬೇಡಿ.

ಇದು ಒಂದು ಕಾರ್ಖಾನೆಯ ಕಥೆ ಅಂದುಕೊಂಡರೆ ದೇಶದ ಅಂಕಿ ನೋಡಿ. ಕೇಂದ್ರ ಸರ್ಕಾರದ ಲೆಕ್ಕದ ಪ್ರಕಾರ 2017ರಿಂದ 2020ರವರೆಗೆ ನೋಂದಾಯಿತ ಕಾರ್ಖಾನೆಗಳಲ್ಲಿ ವರ್ಷಕ್ಕೆ ಸರಾಸರಿ 1,109 ಜನ ಸತ್ತರು. ಗಾಯಗೊಂಡವರು 4,000ಕ್ಕೆ ಸ್ವಲ್ಪ ಮೇಲೆ. ಅಂದರೆ ಒಂದು ಸಾವಿಗೆ ನಾಲ್ಕು ಗಾಯ. ಬ್ರಿಟನ್ನಿನಲ್ಲಿ 2022-23ರಲ್ಲಿ ಕೆಲಸದ ಜಾಗದಲ್ಲಿ ಸತ್ತವರು 135, ಮಾಲೀಕರೇ ಬರೆದುಕೊಟ್ಟ ಗಾಯಗಳು 60,645. ಒಂದು ಸಾವಿಗೆ ಸುಮಾರು 450. ಅದೂ ಅಲ್ಲಿ ವರದಿ ಮಾಡಬೇಕಾದದ್ದು ಮೂಳೆ ಮುರಿದಂಥ ದೊಡ್ಡ ಗಾಯ, ಇಲ್ಲವೇ ಏಳು ದಿನಕ್ಕೂ ಮೀರಿ ಕೆಲಸ ತಪ್ಪಿಸಿದ ಗಾಯ. ಅವರ ಲೆಕ್ಕದಲ್ಲಿ ಎಲ್ಲ ಬಗೆಯ ಉದ್ಯೋಗ ಸೇರಿದೆ, ನಮ್ಮದರಲ್ಲಿ ಕಾರ್ಖಾನೆ ಮಾತ್ರ. ಹೋಲಿಕೆ ತೂಕ ಹಾಕಿದಂತೆ ಸರಿ ಅಲ್ಲ, ಒಪ್ಪೋಣ. ಆದರೂ 450 ಎಲ್ಲಿ, ನಾಲ್ಕು ಎಲ್ಲಿ? ನಮ್ಮ ಯಂತ್ರಗಳೇನು ಮುಟ್ಟಿದರೆ ಕೊಂದೇ ಬಿಡುತ್ತವೆಯೇ?

ಹಾಗಲ್ಲ. ಹೆಣವನ್ನು ಬಚ್ಚಿಡೋದು ಕಷ್ಟ. ಪೊಲೀಸರು ಬರುತ್ತಾರೆ, ಪೋಸ್ಟ್‌ಮಾರ್ಟಂ ಆಗುತ್ತೆ, ಊರವರು ಗೇಟಿಗೆ ಬಂದು ಕೂರುತ್ತಾರೆ. ಬೆರಳಿಗೆ ಯಾರು ಬರುತ್ತಾರೆ? ನರ್ಸಿಂಗ್ ಹೋಮಿನ ಬಿಲ್ಲು ಕಟ್ಟಿದರೆ ಮುಗಿಯಿತು.

ನಷ್ಟ ಬರೀ ಅಂಕಿಯದಲ್ಲ. ಕೆಲಸದಲ್ಲಿ ಆದ ಗಾಯ ಅಂತ ಇ.ಎಸ್.ಐ.ನಲ್ಲಿ ದಾಖಲಾದರೆ ವಾಸಿಯಾಗುವವರೆಗೆ ಕೂಲಿಯ ನೂರಕ್ಕೆ ತೊಂಬತ್ತು ಪಾಲು ಸಿಗಬೇಕು. ಅಂಗ ಊನವಾದರೆ ಮೆಡಿಕಲ್ ಬೋರ್ಡು ಎಷ್ಟು ಪಾಲು ನಷ್ಟ ಅಂತ ನಿಗದಿ ಮಾಡುತ್ತೆ, ಜೀವ ಇರೋವರೆಗೂ ಹಣ ಬರುತ್ತೆ. ಆ ಹುಡುಗನಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ. ಬೋರ್ಡಿನ ಅಂಕಿ ಕಾಪಾಡಲು ಅವನು ಬಿಟ್ಟುಕೊಟ್ಟದ್ದು ಎಷ್ಟು ವರ್ಷದ ಹಣ ಅಂತ ನೀವೇ ಲೆಕ್ಕ ಹಾಕಿ.

ಬೆರಳಾದರೂ ಕಣ್ಣಿಗೆ ಕಾಣುತ್ತೆ. ಎದೆಯೊಳಗಿನ ಧೂಳು ಕಾಣೋದಿಲ್ಲ. ಅದನ್ನು ಹುಡುಕಬೇಕು, ಹುಡುಕಿದರೆ ಸಿಗುತ್ತೆ ಅನ್ನೋದಕ್ಕೆ ಸಾಕ್ಷಿ ದೂರದಲ್ಲಿಲ್ಲ. ನಮ್ಮ ಕೆ.ಜಿ.ಎಫ್.ನಲ್ಲೇ ಇದೆ. 1940ರಿಂದ 46ರ ನಡುವೆ ಅಲ್ಲಿ 7,653 ಗಣಿ ಕಾರ್ಮಿಕರನ್ನು ಪರೀಕ್ಷೆ ಮಾಡಿದರು. ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನರಿಗೆ ಸಿಲಿಕೋಸಿಸ್ ಇತ್ತು. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು ಗಟ್ಟಿಯಾಗುವ ರೋಗ, ವಾಸಿಯಾಗೋದಿಲ್ಲ. ಪರೀಕ್ಷೆಗೆ ಮೊದಲೂ ಆ ಜನ ಕೆಮ್ಮುತ್ತಲೇ ಇದ್ದರು. ಕೆಮ್ಮು ಅಂಕಿಯಾದದ್ದು ಯಾರೋ ಎಣಿಸಿದ ಮೇಲೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಎದೆಯಲ್ಲಿ ಕೂತ ಧೂಳಿಗೆ ರಿಟೈರ್ಮೆಂಟ್ ಇಲ್ಲ. ಕೆಲಸ ಬಿಟ್ಟ ಮೇಲೂ ಆ ರೋಗ ಬೆಳೆಯುತ್ತೆ.

ಈಗ ಟೇಕಲ್ ಕಡೆಯ ಕಲ್ಲು ಕ್ವಾರಿಗಳಿಗೆ, ಜಿಲ್ಲೆಯ ಕ್ರಷರುಗಳಿಗೆ ಬನ್ನಿ. ಕಲ್ಲು ಒಡೆಯುವವನು ಕೆಮ್ಮುತ್ತಾ ಆಸ್ಪತ್ರೆಗೆ ಹೋದರೆ ಮೊದಲ ಅನುಮಾನ ಟಿ.ಬಿ. ತಪ್ಪೇನಲ್ಲ, ಸಿಲಿಕಾ ಧೂಳು ತಿಂದ ಎದೆಗೆ ಟಿ.ಬಿ. ಬೇಗ ಹತ್ತುತ್ತೆ. ಆದರೆ 'ನೀನು ಮಾಡೋ ಕೆಲಸ ಏನು?' ಅಂತ ಒಂದು ಪ್ರಶ್ನೆ ಕೇಳದಿದ್ದರೆ ಅವನು ಟಿ.ಬಿ. ಪಟ್ಟಿಯಲ್ಲೇ ಉಳಿಯುತ್ತಾನೆ. ಉದ್ಯೋಗದ ರೋಗ ಕಂಡ ವೈದ್ಯರು ಇಲಾಖೆಗೆ ವರದಿ ಮಾಡಬೇಕು ಅಂತ ಹಳೇ ಕಾಯ್ದೆಯೂ ಹೇಳಿತ್ತು, ಹೊಸದೂ ಹೇಳುತ್ತೆ. ಹಳೇದರಲ್ಲಿ ತಪ್ಪಿದವರಿಗೆ ಸಾವಿರ ರೂಪಾಯಿವರೆಗೆ ದಂಡ ಇತ್ತು. ದಂಡಕ್ಕಿಂತ ಆ ಒಂದು ಪ್ರಶ್ನೆ ಮುಖ್ಯ.

ರಾಜಸ್ಥಾನದಲ್ಲಿ ಈ ಪ್ರಶ್ನೆ ಕೇಳಲು ಶುರು ಮಾಡಿದರು. 2019ರ ಅವರ ನೀತಿಯಂತೆ ಸಿಲಿಕೋಸಿಸ್ ಖಚಿತವಾದವನಿಗೆ ಮೂರು ಲಕ್ಷ, ಸತ್ತರೆ ಮನೆಯವರಿಗೆ ಎರಡು ಲಕ್ಷ. ಸರ್ಟಿಫಿಕೇಟು ಪಡೆದವರು ಹತ್ತಾರು ಸಾವಿರ ದಾಟಿದರು. ಸುಳ್ಳು ಸರ್ಟಿಫಿಕೇಟಿನ ದೂರುಗಳೂ ಬಂದವು, ದುಡ್ಡಿದ್ದ ಕಡೆ ಅದೂ ಇರುತ್ತೆ. ಹಾಗಂತ ರಾಜಸ್ಥಾನದ ಕಲ್ಲಿಗೆ ಧೂಳು ಜಾಸ್ತಿ, ಟೇಕಲ್ ಕಲ್ಲಿಗೆ ಇಲ್ಲ ಅಂತ ಯಾರೂ ಹೇಳಲಾರರು. ನಮ್ಮ ಜಿಲ್ಲಾಡಳಿತ ಒಂದು ಕೆಲಸ ಮಾಡಲಿ. ಜಿಲ್ಲೆಯ ಟಿ.ಬಿ. ರೋಗಿಗಳಲ್ಲಿ ಕಲ್ಲು ಕೆಲಸದವರು ಎಷ್ಟು, ಅವರಲ್ಲಿ ಎಷ್ಟು ಜನರ ಎಕ್ಸ್‌ರೇಯನ್ನು ಸಿಲಿಕೋಸಿಸ್ಸಿಗಾಗಿ ನೋಡಿದ್ದಾರೆ, ಈ ಎರಡೇ ಅಂಕಿ ಪ್ರಕಟಿಸಲಿ. ಖರ್ಚೇನೂ ಇಲ್ಲ.

ಟೀ ಅಂಗಡಿ ಹುಡುಗನಿಗೆ ಹೇಳಿದೆ: ಮಾಲೀಕರು ಬರೆಯದಿದ್ದರೆ ಗಾಯದ ವಿಷಯ ನೀನೇ ಇ.ಎಸ್.ಐ. ಕಚೇರಿಗೆ ತಿಳಿಸಬಹುದು, ಕಾರ್ಡು ತಗೊಂಡು ಹೋಗು. ಅವನು ಲೋಟ ಕೆಳಗಿಟ್ಟ.

"ಕಾರ್ಡು ಇನ್ನೂ ಮಾಡಿಸಿಲ್ಲ ಸಾರ್. ತಿಂಗಳ ಕೊನೇಲಿ ಕಂಟ್ರಾಕ್ಟು ರಿನ್ಯೂ ಇದೆ. ಆಗ ಮಾಡಿಸ್ತೀವಿ ಅಂದಿದಾರೆ."